ಉಮಾಮಿ ರಸವೂ ಉಪ್ಪಿನ ಮಿತಿಯೂ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅಡಿಗೆಯಲ್ಲಿ ಬೇರೆ ಯಾವುದು ಕಡಮೆಯಾದರೂ ಹೇಗೋ ಸಾಗೀತು; ಉಪ್ಪು ಕಡಮೆಯಾದರೆ ಎಲೆಯ ಮುಂದೆ ಕುಳಿತವನು ಸಪ್ಪೆಯೆಂದು ಕೈ ಹಿಂತೆಗೆಯುತ್ತಾನೆ. ಆದುದರಿಂದಲೇ ‘ಉಪ್ಪನ್ನು ಕಡಮೆ ಮಾಡಿ’ ಎಂಬ ವೈದ್ಯರ ಮಾತು ರಕ್ತದ ಒತ್ತಡವುಳ್ಳವರಿಗೆ ಔಷಧಕ್ಕಿಂತ ಹೆಚ್ಚಾಗಿ ಶಿಕ್ಷೆಯಂತೆ ಕೇಳಿಸುತ್ತದೆ. ಕೆಲವು ದಿನ ಪಾಲಿಸಿ, ರುಚಿಗೆಟ್ಟ ಊಟದಿಂದ ಬೇಸತ್ತು, ಹಳೆಯ ರೂಢಿಗೇ ಮರಳುವವರು ಅನೇಕರು. ರುಚಿಯನ್ನು ಕೆಡಿಸದೆ ಉಪ್ಪನ್ನು ಕುಗ್ಗಿಸುವ ಮಾರ್ಗ ಉಂಟೆ ಎಂಬುದು ಹೀಗಾಗಿ ಬರಿಯ ಪಾಕಶಾಸ್ತ್ರದ ಪ್ರಶ್ನೆಯಲ್ಲ. ಜನಾರೋಗ್ಯದ ಪ್ರಶ್ನೆಯೂ ಹೌದು.

ಈ ಪ್ರಶ್ನೆಗೆ ಕಳೆದ ಒಂದು ಶತಮಾನದ ಆಹಾರ ರಸಾಯನವು ಒಂದು ಉತ್ತರವನ್ನು ಕೊಟ್ಟಿದೆ. ಅದು ‘ಉಮಾಮಿ’ ಎಂಬ ರಸಕ್ಕೆ ಸಂಬಂಧಪಟ್ಟದ್ದು. ಆದರೆ ಆ ಉತ್ತರಕ್ಕೆ ಒಂದು ಕಟ್ಟಳೆ ಉಂಟು. ಅದನ್ನು ಮರೆತರೆ ಲಾಭಕ್ಕೆ ಬದಲು ನಷ್ಟವೇ ಆಗುತ್ತದೆ. ಈ ರಸದ ಸ್ವರೂಪವೇನು, ಉಪ್ಪಿನೊಡನೆ ಅದರ ಸಂಬಂಧವೇನು, ಆ ಕಟ್ಟಳೆ ಯಾವುದು ಎಂಬ ಮೂರು ಅಂಶಗಳನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

1. ಉಪ್ಪಿನ ಮಿತಿ ಏಕೆ?

ಅಡಿಗೆ ಉಪ್ಪು ಸೋಡಿಯಂ ಕ್ಲೋರೈಡ್ ಎಂಬ ಲವಣ. ತೂಕದಲ್ಲಿ ಅದರ ಶೇಕಡಾ 39ರಷ್ಟು ಭಾಗ ಸೋಡಿಯಂ. ನರಗಳ ವ್ಯಾಪಾರಕ್ಕೂ ದೇಹದ ದ್ರವಗಳ ಸಮತೋಲಕ್ಕೂ ಸೋಡಿಯಂ ಅವಶ್ಯವಾದುದು. ಆದರೆ ಅವಶ್ಯವಾದ ಮೊತ್ತ ಅತ್ಯಲ್ಪ. ಹೆಚ್ಚಾಗಿ ಸೇರಿದ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಬಹುಮಂದಿಯಲ್ಲಿ ಕಾಲಕ್ರಮೇಣ ರಕ್ತದ ಒತ್ತಡ ಏರುತ್ತದೆ. ಒತ್ತಡದ ಏರಿಕೆ ಪಾರ್ಶ್ವವಾಯುವಿಗೂ ಹೃದ್ರೋಗಕ್ಕೂ ದಾರಿಯಾಗುತ್ತದೆ. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಜನರಿಗೆ ಮೂರು ಬೇರೆ ಬೇರೆ ಪ್ರಮಾಣದ ಸೋಡಿಯಂ ಉಳ್ಳ ಆಹಾರವನ್ನು ಕೊಟ್ಟು ನೋಡಿದಾಗ, ಸೋಡಿಯಂ ಮೆಟ್ಟಿಲು ಮೆಟ್ಟಿಲಾಗಿ ಇಳಿದಂತೆ ಒತ್ತಡವೂ ಇಳಿಯಿತು.

ವಯಸ್ಕನೊಬ್ಬನಿಗೆ ದಿನಕ್ಕೆ 5 ಗ್ರಾಂಗಿಂತ ಕಡಮೆ ಉಪ್ಪು, ಅಂದರೆ 2 ಗ್ರಾಂಗಿಂತ ಕಡಮೆ ಸೋಡಿಯಂ, ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಹೆಚ್ಚು ಕಡಮೆ ಒಂದು ಚಹಾ ಚಮಚದಷ್ಟು. ಆ ಸಂಸ್ಥೆಯೇ ಮಾಡಿರುವ 2019ರ ಅಂದಾಜಿನಂತೆ ಜಗತ್ತಿನ ವಯಸ್ಕರು ಸರಾಸರಿ ಸೇವಿಸುವುದು ಇದರ ಎರಡರಷ್ಟಕ್ಕೂ ಮಿಗಿಲು, ಸುಮಾರು 11 ಗ್ರಾಂ. ನಾಲಗೆ ಬೇಡುವುದಕ್ಕೂ ದೇಹ ತಾಳುವುದಕ್ಕೂ ನಡುವೆ ಇಷ್ಟು ಅಂತರವಿದೆ.

2. ಉಮಾಮಿಯ ಶೋಧನೆ

ನಮ್ಮ ಆಯುರ್ವೇದ ಗ್ರಂಥಗಳು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ಆರು ರಸಗಳನ್ನು ಹೇಳುತ್ತವೆ. ಯೂರೋಪಿನ ಶರೀರಶಾಸ್ತ್ರಜ್ಞರು ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕನ್ನು ಮಾತ್ರ ಮೂಲರಸಗಳೆಂದು ಒಪ್ಪಿದ್ದರು. ಈ ಎರಡು ಪಟ್ಟಿಗಳಲ್ಲಿಯೂ ಪ್ರತ್ಯೇಕ ಹೆಸರಿಲ್ಲದೆ ಉಳಿದಿದ್ದ ರಸವೊಂದನ್ನು ಗುರುತಿಸಿ ಹೆಸರಿಟ್ಟವರು ಟೋಕಿಯೋ ಸಾಮ್ರಾಟ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಪ್ರೊಫೆಸರ್ ಕಿಕುನೆ ಇಕೆದ ಅವರು (1864–1936).

ಜಪಾನಿನ ಅಡಿಗೆಯ ತಳಹದಿ ‘ದಶಿ’ ಎಂಬ ತಿಳಿಕಟ್ಟು. ಅದನ್ನು ಕೊಂಬು ಎಂಬ ಒಣಗಿಸಿದ ಕಡಲಕಳೆಯಿಂದ ಇಳಿಸುತ್ತಾರೆ. ಆ ತಿಳಿಯಲ್ಲಿ ಸಿಹಿ, ಹುಳಿ, ಉಪ್ಪು, ಕಹಿಗಳಲ್ಲಿ ಯಾವುದಕ್ಕೂ ಸೇರದ, ಬಾಯ್ತುಂಬ ಹರಡಿ ನಿಲ್ಲುವ ಒಂದು ಸವಿಯಿದೆ ಎಂಬುದನ್ನು ಇಕೆದ ಅವರು ಗಮನಿಸಿದರು. ಟೊಮ್ಯಾಟೊ, ಗಿಣ್ಣು, ಮಾಂಸ ಮುಂತಾದವುಗಳಲ್ಲಿಯೂ ಅದೇ ಸವಿಯ ಎಳೆ ತೋರುತ್ತದೆಂದು ಕಂಡರು. 1908ರಲ್ಲಿ ಸುಮಾರು 12 ಕಿಲೋಗ್ರಾಂ ಕೊಂಬುವಿನಿಂದ ಸುಮಾರು 30 ಗ್ರಾಂ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ, ಆ ಸವಿಗೆ ಇದೇ ಕಾರಣವೆಂದು ತೋರಿಸಿದರು. ಈ ಆಮ್ಲ ಹೊಸದಾಗಿರಲಿಲ್ಲ. ಜರ್ಮನಿಯ ರಿಟ್‌ಹೌಸೆನ್ 1866ರಲ್ಲಿಯೇ ಅದನ್ನು ಗೋಧಿಯ ಅಂಟಿನಿಂದ ಪಡೆದಿದ್ದನು. ಹೊಸದಾಗಿದ್ದುದು ಅದರ ಲವಣಗಳಿಗೆ ಸ್ವತಂತ್ರವಾದೊಂದು ರಸವುಂಟೆಂಬ ಅರಿವು. ‘ಸವಿಯಾದ’ ಎಂಬರ್ಥದ ‘ಉಮಾಯಿ’ ಎಂಬ ಜಪಾನೀ ಪದದಿಂದ ಇಕೆದ ಅವರು ‘ಉಮಾಮಿ’ ಎಂಬ ಹೆಸರನ್ನು ಕಟ್ಟಿದರು. ಈ ಆಮ್ಲದ ಸೋಡಿಯಂ ಲವಣವು 1909ರಿಂದ ಅಜಿನೊಮೊಟೊ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ನಮ್ಮ ಅಂಗಡಿಗಳಲ್ಲಿಯೂ ಅದು ಆ ಹೆಸರಿನಿಂದಲೇ ಪರಿಚಿತ.

1913ರಲ್ಲಿ ಇಕೆದ ಅವರ ಶಿಷ್ಯ ಷಿಂತಾರೊ ಕೊದಮ ಅವರು ಕತ್ಸುವೊಬುಷಿ ಎಂಬ, ಬೇಯಿಸಿ ಹೊಗೆಯಲ್ಲಿ ಒಣಗಿಸಿದ ಮೀನಿನ ಸವಿಗೆ ಇನೊಸಿನೇಟ್ ಎಂಬ ನ್ಯೂಕ್ಲಿಯೊಟೈಡ್ ಕಾರಣವೆಂದು ಕಂಡುಹಿಡಿದರು. 1957ರ ಸುಮಾರಿಗೆ ಅಕಿರ ಕುನಿನಕ ಅವರು ಗ್ವಾನಿಲೇಟ್ ಎಂಬ ಮೂರನೆಯ ದ್ರವ್ಯದ ಸವಿಯನ್ನು ಗುರುತಿಸಿದರು. ಅದು ಷಿಟಾಕೆ ಎಂಬ ಒಣ ಅಣಬೆಯ ಸವಿಯ ಮೂಲವೆಂಬುದೂ ಮುಂದೆ ತಿಳಿದುಬಂದಿತು. ಕುನಿನಕ ಅವರು ಕಂಡ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು: ಗ್ಲುಟಮೇಟ್ ಈ ನ್ಯೂಕ್ಲಿಯೊಟೈಡುಗಳೊಡನೆ ಸೇರಿದಾಗ ಹುಟ್ಟುವ ಸವಿ ಎರಡರ ಮೊತ್ತವಲ್ಲ, ಮೊತ್ತಕ್ಕಿಂತ ಬಹಳ ಹೆಚ್ಚು. ಗ್ಲುಟಮೇಟ್ ಮತ್ತು ಇನೊಸಿನೇಟ್ ಸಮಪ್ರಮಾಣದಲ್ಲಿ ಸೇರಿದಾಗ ಉಮಾಮಿಯ ತೀಕ್ಷ್ಣತೆ ಏಳೆಂಟು ಪಟ್ಟು ಏರುತ್ತದೆಂದು ಷಿಜುಕೊ ಯಮಗುಚಿ ಅವರು 1967ರಲ್ಲಿ ಅಳೆದು ತೋರಿಸಿದರು.

ಪಾಶ್ಚಾತ್ಯ ವಿದ್ವಾಂಸರು ಬಹುಕಾಲ ಇದನ್ನು ಒಂದು ಮೂಲರಸವೆಂದು ಒಪ್ಪಲಿಲ್ಲ. 2002ರಲ್ಲಿ ನಾಲಗೆಯ ರುಚಿಮೊಗ್ಗುಗಳಲ್ಲಿ ಗ್ಲುಟಮೇಟನ್ನು ಗ್ರಹಿಸುವ, ಎರಡು ಪ್ರೋಟೀನುಗಳು ಜೊತೆಗೂಡಿದ ಒಂದು ಗ್ರಾಹಕ ಸ್ಥಾನ ಪತ್ತೆಯಾದ ಮೇಲೆ ಈ ಸಂದೇಹ ಬಹುಮಟ್ಟಿಗೆ ನಿವಾರಣೆಯಾಯಿತು. ಗ್ಲುಟಮೇಟ್ ಈ ಗ್ರಾಹಕದ ಬಾಯಿಯೊಳಗೆ ಹೋಗಿ ಕುಳಿತಾಗ ಅದು ಕದದಂತೆ ಮುಚ್ಚಿಕೊಳ್ಳುತ್ತದೆ. ನ್ಯೂಕ್ಲಿಯೊಟೈಡ್ ಆ ಬಾಯಿಯ ಅಂಚಿನಲ್ಲಿ ನಿಂತು ಕದ ತೆರೆಯದಂತೆ ಒತ್ತಿಹಿಡಿಯುತ್ತದೆ. ಎರಡೂ ಸೇರಿದಾಗ ಸವಿ ಏಕೆ ಹೆಚ್ಚುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಗಮನಿಸಬೇಕು. ನಾಲಗೆಗೆ ತಿಳಿಯುವುದು ಬಿಡಿಯಾಗಿರುವ ಗ್ಲುಟಮೇಟ್ ಮಾತ್ರ. ಬೇಳೆಯ ಪ್ರೋಟೀನಿನಲ್ಲಿ ಗ್ಲುಟಾಮಿಕ್ ಆಮ್ಲ ಹೇರಳವಾಗಿದೆ. ಆದರೆ ಅದು ಪ್ರೋಟೀನಿನ ಸರಪಳಿಯಲ್ಲಿ ಬಂಧಿತವಾಗಿರುವುದರಿಂದ ಅದಕ್ಕೆ ಈ ರುಚಿಯಿಲ್ಲ. ಹಣ್ಣಾಗುವಿಕೆ, ಹುದುಗುವಿಕೆ, ದೀರ್ಘಕಾಲದ ಪಕ್ವತೆ ಇವುಗಳಿಂದ ಬಿಡಿ ಗ್ಲುಟಮೇಟ್ ಹೆಚ್ಚುತ್ತದೆ. ಕಾಯಿ ಟೊಮ್ಯಾಟೊಗಿಂತ ಹಣ್ಣು ಟೊಮ್ಯಾಟೊ, ಹಾಲಿಗಿಂತ ಹಳೆಯ ಗಿಣ್ಣು, ಸೋಯಾ ಅವರೆಗಿಂತ ಅದನ್ನು ಹುದುಗಿಸಿ ಇಳಿಸಿದ ಷೊಯು ಹೆಚ್ಚು ಉಮಾಮಿಯುಳ್ಳದ್ದಾಗಿರುವುದಕ್ಕೆ ಇದೇ ಕಾರಣ.

3. ಉಪ್ಪಿನೊಡನೆ ಅದರ ಸಂಬಂಧ

ಉಮಾಮಿಯು ಉಪ್ಪಿಗೆ ಬದಲಿಯೆಂದು ಕೆಲವರು ಭಾವಿಸುವುದುಂಟು. ಇದು ಸರಿಯಲ್ಲ. ಶುದ್ಧ ನೀರಿನಲ್ಲಿ ಕರಗಿಸಿದ ಗ್ಲುಟಮೇಟನ್ನು ಯಾರೂ ಇಷ್ಟಪಟ್ಟು ಕುಡಿಯಲಾರರು. ಅದಕ್ಕೆ ಒಂದಿಷ್ಟು ಉಪ್ಪು ಸೇರಿದಾಗಲೇ ಅದು ಹಿತವಾಗುತ್ತದೆ. ಯಮಗುಚಿ ಅವರು ತಕಹಷಿ ಎಂಬವರೊಡನೆ ಒಂದು ಜಪಾನೀ ತಿಳಿಸಾರನ್ನು ತೆಗೆದುಕೊಂಡು, ಉಪ್ಪು ಮತ್ತು ಗ್ಲುಟಮೇಟುಗಳ ಪ್ರಮಾಣವನ್ನು ಬಗೆಬಗೆಯಾಗಿ ಬದಲಿಸಿ, ಸವಿಯುವವರ ಅಭಿಪ್ರಾಯವನ್ನು ಅಳೆದು 1984ರಲ್ಲಿ ಪ್ರಕಟಿಸಿದರು. ಸಾರಿನಲ್ಲಿ ಗ್ಲುಟಮೇಟ್ ತಕ್ಕಷ್ಟು ಇದ್ದಾಗ, ಜನ ಮೆಚ್ಚುವ ಮಟ್ಟವನ್ನು ಮುಟ್ಟಲು ಬೇಕಾಗುವ ಉಪ್ಪು ಕಡಮೆಯಾಗುತ್ತದೆಂಬುದು ಅವರ ನಿರ್ಣಯ. ಆದರೆ ಉಪ್ಪನ್ನು ತೀರ ಕಳೆದರೆ ಎಷ್ಟು ಗ್ಲುಟಮೇಟ್ ಹಾಕಿದರೂ ಸಾರು ರುಚಿಸುವುದಿಲ್ಲ. ಗ್ಲುಟಮೇಟ್ ಅತಿಯಾದರೂ ರುಚಿ ಇಳಿಯುತ್ತದೆ.

ಆದುದರಿಂದ ಹೀಗೆ ಹೇಳಬಹುದು: ಉಮಾಮಿ ಉಪ್ಪಿನ ಸ್ಥಾನವನ್ನು ಆಕ್ರಮಿಸುವುದಿಲ್ಲ, ‘ಇನ್ನು ಸಾಕು’ ಎಂದು ನಾಲಗೆ ಹೇಳುವ ಗೆರೆಯನ್ನು ತುಸು ಈಚೆಗೆ ಸರಿಸುತ್ತದೆ. ಸರಿದ ಗೆರೆಯ ಬಳಿ ಕೈ ನಿಲ್ಲಿಸುವುದು ಅಡಿಗೆ ಮಾಡುವವರ ಹೊಣೆ.

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಂದು ಲೀಟರು ಸಾರಿಗೆ 8 ಗ್ರಾಂ ಉಪ್ಪು ಹಾಕುವ ರೂಢಿಯಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿರುವ ಸೋಡಿಯಂ ಸುಮಾರು 3.15 ಗ್ರಾಂ. ಈಗ ಉಪ್ಪನ್ನು 5 ಗ್ರಾಂಗೆ ಇಳಿಸಿ, 3 ಗ್ರಾಂ ಅಜಿನೊಮೊಟೊ ಸೇರಿಸಿದೆವೆನ್ನೋಣ. ಅಜಿನೊಮೊಟೊದಲ್ಲಿಯೂ ಸೋಡಿಯಂ ಉಂಟು. ಆದರೆ ತೂಕದಲ್ಲಿ ಶೇಕಡಾ 12ರಷ್ಟು ಮಾತ್ರ. ಆಗ ಉಪ್ಪಿನಿಂದ 1.97 ಗ್ರಾಂ, ಅಜಿನೊಮೊಟೊದಿಂದ 0.37 ಗ್ರಾಂ, ಒಟ್ಟು 2.34 ಗ್ರಾಂ ಸೋಡಿಯಂ ಆಗುತ್ತದೆ. ಅಂದರೆ ಕಾಲುಭಾಗದಷ್ಟು ಉಳಿತಾಯ. ಅದಕ್ಕೆ ಬದಲಾಗಿ, 8 ಗ್ರಾಂ ಉಪ್ಪನ್ನು ಹಾಗೆಯೇ ಇಟ್ಟು, ರುಚಿ ಹೆಚ್ಚಲೆಂದು ಅದರ ಮೇಲೆ 3 ಗ್ರಾಂ ಅಜಿನೊಮೊಟೊ ಸುರಿದರೆ ಸೋಡಿಯಂ 3.52 ಗ್ರಾಂಗೆ ಏರುತ್ತದೆ. ಶೇಕಡಾ 12ರಷ್ಟು ಅಧಿಕವಾಗುತ್ತದೆ. ದ್ರವ್ಯ ಒಂದೇ, ಮೊತ್ತವೂ ಒಂದೇ. ಒಂದು ರೀತಿಯಲ್ಲಿ ಹಿತ, ಇನ್ನೊಂದು ರೀತಿಯಲ್ಲಿ ಅಹಿತ. ಉಪ್ಪನ್ನು ಅಳೆದು ಇಳಿಸದೆ ಉಮಾಮಿಯನ್ನು ಸೇರಿಸಬಾರದೆಂಬುದೇ ಆರಂಭದಲ್ಲಿ ಹೇಳಿದ ಕಟ್ಟಳೆ.

4. ಉಮಾಮಿಯ ತವರಿನ ಪಾಠ

ಈ ಕಟ್ಟಳೆಯ ಮಹತ್ವವನ್ನು ಅರಿಯಲು ಜಪಾನಿನ ಚರಿತ್ರೆಗಿಂತ ಉತ್ತಮ ನಿದರ್ಶನವಿಲ್ಲ. ಉಮಾಮಿಯನ್ನು ಶತಮಾನಗಳಿಂದ ಬಳಸಿದ, ಅದನ್ನು ಮೊದಲು ಅರಿತು ಹೆಸರಿಟ್ಟ ಆ ದೇಶ ಉಪ್ಪಿನ ಸೇವನೆಯಲ್ಲಿ ಜಗತ್ತಿನ ಮುಂದಿನ ಸಾಲಿನಲ್ಲಿದ್ದಿತು. ಲೂಯಿ ಡಾಲ್ ಎಂಬ ಅಮೆರಿಕದ ವೈದ್ಯರು 1960ರಲ್ಲಿ ಪ್ರಕಟಿಸಿದ ತುಲನೆಯಲ್ಲಿ, ಉತ್ತರ ಜಪಾನಿನವರು ದಿನಕ್ಕೆ 25 ಗ್ರಾಂಗೂ ಹೆಚ್ಚು ಉಪ್ಪು ತಿನ್ನುತ್ತಿದ್ದರೆಂದೂ, ಅಲ್ಲಿ ರಕ್ತದ ಒತ್ತಡ ವ್ಯಾಪಕವಾಗಿತ್ತೆಂದೂ ತೋರಿಸಿದರು. 1951ರಿಂದ 1980ರ ವರೆಗೆ ಜಪಾನಿನಲ್ಲಿ ಮರಣದ ಕಾರಣಗಳಲ್ಲಿ ಮೊದಲನೆಯದು ಮಿದುಳಿನ ರಕ್ತನಾಳಗಳ ರೋಗ, ಅಂದರೆ ಪಾರ್ಶ್ವವಾಯು.

ಉಮಾಮಿಯು ಉಪ್ಪನ್ನು ಕಡಮೆ ಮಾಡುವುದಾದರೆ ಇದು ಹೇಗಾಯಿತು? ಉತ್ತರ ಸರಳವಾದುದು. ಆ ಜನ ಉಮಾಮಿಯನ್ನು ಉಪ್ಪಿನಿಂದ ಬಿಡಿಸಿ ಬಳಸಲಿಲ್ಲ. ಉಪ್ಪಿನ ಬೆನ್ನ ಮೇಲೆ ಕೂರಿಸಿಯೇ ಬಳಸಿದರು. ಷೊಯುವಿನಲ್ಲಿ ನೂರಕ್ಕೆ ಹದಿನಾಲ್ಕು ಹದಿನೈದು ಭಾಗ ಉಪ್ಪು; ಸಾಧಾರಣ ಮಿಸೊವಿನಲ್ಲಿ ಹನ್ನೆರಡು ಭಾಗ. ಇವೆರಡೂ ಹುದುಗುವಾಗ ಕೆಡದಿರಲು ಉಪ್ಪು ಬೇಕೇಬೇಕು. ಚಳಿನಾಡಾದ ಉತ್ತರದಲ್ಲಿ ದೀರ್ಘವಾದ ಹಿಮಗಾಲಕ್ಕೆಂದು ತರಕಾರಿಯನ್ನೂ ಮೀನನ್ನೂ ಉಪ್ಪಿನಲ್ಲಿ ಹಾಕಿಡುತ್ತಿದ್ದರು. ದಿನಕ್ಕೆ ಹಲವು ಬಟ್ಟಲು ಮಿಸೊ ಸಾರು, ಅದರೊಡನೆ ಉಪ್ಪಿನಕಾಯಿ, ಅದರೊಡನೆ ಉಪ್ಪುಮೀನು: ಸವಿಯೂ ಏರಿತು, ಉಪ್ಪೂ ಏರಿತು. ಇಂದಿನ ಸ್ಥಿತಿಯಲ್ಲಿಯೂ ಈ ಅಪಾಯ ತಪ್ಪಿಲ್ಲ. ಮನೆಯಲ್ಲಿ ಕೊಂಬು, ಕತ್ಸುವೊಬುಷಿಗಳಿಂದ ಇಳಿಸಿದ ದಶಿಯಲ್ಲಿ ಉಪ್ಪು ನೂರಕ್ಕೆ 0.1 ಭಾಗದಷ್ಟು ಮಾತ್ರ. ಅದೇ ರುಚಿಗೆಂದು ಅಂಗಡಿಯಿಂದ ತರುವ ಹರಳು ದಶಿಯಲ್ಲಿ ನೂರಕ್ಕೆ ಸುಮಾರು 40 ಭಾಗ ಉಪ್ಪೇ ಇರುತ್ತದೆ.

ಮುಂದೆ ಜಪಾನೀಯರು ತಿದ್ದಿಕೊಂಡ ರೀತಿಯೂ ಗಮನಾರ್ಹ. ಪಾರ್ಶ್ವವಾಯು ಹೆಚ್ಚಾಗಿದ್ದ ನಾಗಾನೊ ಪ್ರಾಂತದಲ್ಲಿ 1980ರ ದಶಕದಲ್ಲಿ ಉಪ್ಪನ್ನು ಇಳಿಸುವ ಆಂದೋಲನ ನಡೆಯಿತು. ಆರೋಗ್ಯ ಸೇವೆಗೆ ಮುಂದೆ ಬಂದ ಗೃಹಿಣಿಯರು ಮನೆಮನೆಗೆ ಹೋಗಿ ಮಿಸೊ ಸಾರಿನ ಉಪ್ಪನ್ನು ಅಳೆದು ತೋರಿಸಿದರು. ಸಾರಿನಲ್ಲಿ ತರಕಾರಿ ಹೆಚ್ಚಿಸಿ ನೀರನ್ನು ಕಡಮೆ ಮಾಡುವಂತೆ ತಿಳಿಸಿದರು. ಆ ಪ್ರಾಂತ ಇಂದು ದೀರ್ಘಾಯುಷ್ಯಕ್ಕೆ ಹೆಸರಾಗಿದೆ. ಇದಕ್ಕೆ ಕಾರಣಗಳು ಹಲವಾದರೂ ಈ ಆಂದೋಲನವೂ ಅವುಗಳಲ್ಲೊಂದೆಂದು ಪರಿಗಣಿತವಾಗಿದೆ. ಇಡೀ ದೇಶದ ಸರಾಸರಿ 2019ರ ಸಮೀಕ್ಷೆಯಲ್ಲಿ ದಿನಕ್ಕೆ 10.1 ಗ್ರಾಂ ಎಂದು ಕಂಡುಬಂದಿತು. ಇಳಿದಿದೆ ನಿಜ, ಸಾಕಷ್ಟು ಇಳಿದಿಲ್ಲ. ಉಮಾಮಿಯ ಜ್ಞಾನ ಮಾಡಲಾರದ ಕೆಲಸವನ್ನು ಅಳತೆಯ ಅಭ್ಯಾಸ ಮಾಡಿತು ಎಂಬುದೇ ಇಲ್ಲಿನ ಪಾಠ.

5. ನಾಲಗೆಯ ಅಭ್ಯಾಸ

ಉಪ್ಪಿನ ಆಸೆ ಬದಲಾಗದ ಸ್ವಭಾವವೇ ಎಂದು ಕೆಲವರು ಕೇಳಬಹುದು. ಅಲ್ಲವೆಂದು 1982ರಲ್ಲಿ ಅಮೆರಿಕದ ಬರ್ಟಿನೊ, ಬೊಷಾಂಪ್, ಎಂಗಲ್‌ಮನ್ ಎಂಬವರು ಪ್ರಕಟಿಸಿದ ಪ್ರಯೋಗ ತಿಳಿಸುತ್ತದೆ. ಹಲವು ತಿಂಗಳು ಸೋಡಿಯಂ ಕಡಮೆಯಾದ ಆಹಾರವನ್ನು ತಿಂದವರು, ಮೊದಲು ತಾವು ಮೆಚ್ಚಿದ್ದಕ್ಕಿಂತ ಕಡಮೆ ಉಪ್ಪುಳ್ಳ ಪದಾರ್ಥವನ್ನೇ ಮೆಚ್ಚತೊಡಗಿದರು. ಕಷ್ಟವಿರುವುದು ಮೊದಲ ಕೆಲವು ವಾರಗಳಲ್ಲಿ. ಬಹುಮಂದಿ ಸೋತು ಹಿಂದಿರುಗುವುದು ಆಗಲೇ. ಉಮಾಮಿಯ ನಿಜವಾದ ಉಪಯೋಗ ಇರುವುದೂ ಅಲ್ಲಿಯೇ. ಹಳೆಯ ರುಚಿಯಿಂದ ಹೊಸ ರುಚಿಗೆ ದಾಟುವವನಿಗೆ ಅದು ಸೇತುವೆಯಾಗಬಲ್ಲದು.

ಅಜಿನೊಮೊಟೊ ವಿಷಕರವೆಂಬ ಅಂಜಿಕೆಯನ್ನು ಕುರಿತು ಒಂದು ಮಾತು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಚೀನೀ ಭೋಜನಶಾಲೆಗಳಲ್ಲಿ ಉಂಡ ಮೇಲೆ ಕತ್ತು ಮರಗಟ್ಟಿದಂತಾಗುತ್ತದೆಂದು ವೈದ್ಯರೊಬ್ಬರು ಬರೆದ ಪತ್ರದಿಂದ ಈ ಶಂಕೆ ಹರಡಿತು. ಅನಂತರ ನಡೆದ ನಿಯಂತ್ರಿತ ಪರೀಕ್ಷೆಗಳಲ್ಲಿ, ಆಹಾರವಿಲ್ಲದೆ ಬರಿಹೊಟ್ಟೆಗೆ ಹೆಚ್ಚು ಮೊತ್ತ ಕೊಟ್ಟಾಗ ಕೆಲವರಿಗೆ ತಾತ್ಕಾಲಿಕ ಲಕ್ಷಣಗಳು ತೋರಿದರೂ, ಮರಳಿ ಪರೀಕ್ಷಿಸಿದಾಗ ಅವು ನಿಯತವಾಗಿ ಕಾಣಲಿಲ್ಲ. ಅಂತರರಾಷ್ಟ್ರೀಯ ತಜ್ಞ ಸಮಿತಿಯು 1987ರಲ್ಲಿ ಇದಕ್ಕೆ ಸಂಖ್ಯಾರೂಪದ ದೈನಿಕ ಮಿತಿ ಅನಾವಶ್ಯಕವೆಂದಿತು. ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆಯು 2017ರಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಂಗೆ 30 ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸಿತು. ಭಯವೂ ಬೇಡ, ಅತಿಯೂ ಬೇಡ ಎಂಬುದು ಇವುಗಳ ಸಾರಾಂಶ. ಪುಡಿಯನ್ನು ಬಳಸಲು ಮನಸ್ಸಿಲ್ಲದವರಿಗೆ ಸಹಜ ಪದಾರ್ಥಗಳೇ ಉಂಟು.

6. ನಮ್ಮ ಅಡಿಗೆಮನೆಯಲ್ಲಿ

ಕೊಂಬುವಾಗಲಿ ಕತ್ಸುವೊಬುಷಿಯಾಗಲಿ ನಮ್ಮಲ್ಲಿ ಬೆಳೆದ ರೂಢಿಯಲ್ಲ. ಅವನ್ನು ತರಿಸಬೇಕಾದ ಅಗತ್ಯವೂ ಇಲ್ಲ. ನಮ್ಮಲ್ಲಿ ಎಲ್ಲರಿಗೂ ಎಟುಕುವ ಉಮಾಮಿಯ ಮೂಲ ಟೊಮ್ಯಾಟೊ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದಂತೆ, ಟೊಮ್ಯಾಟೊವಿನ ಹೊರತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲಿ ಗ್ಲುಟಾಮಿಕ್ ಆಮ್ಲ ಮೂರು ಪಟ್ಟಿಗೂ ಹೆಚ್ಚು. ಬೀಜದ ಭಾಗವನ್ನು ಕಿತ್ತು ಚೆಲ್ಲುವವರು ಸವಿಯ ಸಾರವನ್ನೇ ಚೆಲ್ಲುತ್ತಾರೆ. ಚೆನ್ನಾಗಿ ಮಾಗಿದ ಹಣ್ಣನ್ನು ಲೋಳೆಸಹಿತ ಹಿಸುಕಿ, ನೀರು ಇಂಗುವವರೆಗೆ ಬಾಡಿಸಿ ಸಾರಿಗೆ ಸೇರಿಸುವುದು ಯುಕ್ತ.

ಸಸ್ಯಾಹಾರಿಗಳಿಗೆ ಎರಡನೆಯ ಸಹಾಯ ಒಣ ಅಣಬೆ. ಜಪಾನಿನ ಬೌದ್ಧ ವಿಹಾರಗಳ ಅಡಿಗೆಯಲ್ಲಿ ಮೀನಿಗೆ ಸ್ಥಾನವಿಲ್ಲ. ಅವರು ಕೊಂಬುವಿನೊಡನೆ ಒಣ ಷಿಟಾಕೆಯನ್ನು ಸೇರಿಸಿ, ಗ್ಲುಟಮೇಟ್ ಮತ್ತು ಗ್ವಾನಿಲೇಟುಗಳ ಕೂಟದ ಫಲವನ್ನು ಪಡೆಯುತ್ತಾರೆ. ಅದೇ ಅಣಬೆಯನ್ನು ತಣ್ಣೀರಿನಲ್ಲಿ ನೆನೆಯಿಟ್ಟು, ನೆನೆದ ನೀರಿನೊಡನೆ ನಿಧಾನವಾಗಿ ಕಾಯಿಸಿ ಟೊಮ್ಯಾಟೊ ಸಾರಿಗೆ ಸೇರಿಸಿದರೆ ಇದೇ ಕೂಟ ನಮ್ಮಲ್ಲಿಯೂ ಒದಗುತ್ತದೆ. ಮೀನು ತಿನ್ನುವ ಕರಾವಳಿಯವರಿಗೆ ಮೀನಿನಲ್ಲಿರುವ ಇನೊಸಿನೇಟ್ ಇದೇ ಕೆಲಸವನ್ನು ಮಾಡುತ್ತದೆ. ಉಪ್ಪು ಹಾಕಿ ಒಣಗಿಸಿದ ಮೀನಾದರೆ ಮಾತ್ರ ಅದು ತಂದ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ವಿಷಯದಲ್ಲಿ ಉಮಾಮಿ ಏನನ್ನೂ ಮಾಡಲಾರದು. ಅಲ್ಲಿರುವ ಉಪಾಯ ಬಡಿಸುವ ಮೊತ್ತವನ್ನು ಕಡಮೆ ಮಾಡುವುದೊಂದೇ.

ಇಲ್ಲಿ ಒಂದು ತೊಡಕನ್ನು ಮರೆಯಬಾರದು. ಜಪಾನಿನ ತಿಳಿಸಾರು ಬಟ್ಟಲಿನಿಂದ ಕುಡಿಯತಕ್ಕದ್ದು. ನಮ್ಮ ಸಾರು ಉಪ್ಪಿಲ್ಲದ ಅನ್ನಕ್ಕೆ ಕಲಸತಕ್ಕದ್ದು. ಆದುದರಿಂದ ಸಾರಿನ ಉಪ್ಪು ಅನ್ನದ ಪಾಲಿನ ಉಪ್ಪನ್ನೂ ಹೊತ್ತುಕೊಂಡಿರುತ್ತದೆ. ಜೊತೆಗೆ ನಮ್ಮಲ್ಲಿ ಹುಳಿ, ಖಾರ, ಒಗ್ಗರಣೆಯ ಪರಿಮಳ ಇವೂ ರುಚಿಯ ಭಾರವನ್ನು ಹೊರುತ್ತವೆ. ಹೀಗಿರುವುದರಿಂದ ಯಮಗುಚಿ ಅವರು ಕಂಡ ಅಂಕೆಗಳನ್ನು ನಮ್ಮ ಅಡಿಗೆಗೆ ನೇರವಾಗಿ ಅನ್ವಯಿಸಲಾಗದು. ತತ್ತ್ವ ಒಂದೇ, ಪ್ರಮಾಣವನ್ನು ನಾವೇ ಕಂಡುಕೊಳ್ಳಬೇಕು.

ಇದು ನಮ್ಮ ಕಾಲೇಜುಗಳ ಗೃಹವಿಜ್ಞಾನ ಮತ್ತು ರಸಾಯನಶಾಸ್ತ್ರ ವಿಭಾಗಗಳು ಅಲ್ಪ ವೆಚ್ಚದಲ್ಲಿ ಮಾಡಬಹುದಾದ ಕೆಲಸ. ಒಂದು ತಕ್ಕಡಿ, ಕೆಲವು ಪಾತ್ರೆಗಳು, ಸವಿದು ಹೇಳುವ ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳು ಸಾಕು. ಒಂದೇ ಸಾರನ್ನು ಮಾಡಿ, ಒಂದು ಪಾತ್ರೆಯಲ್ಲಿ ರೂಢಿಯ ಉಪ್ಪು, ಇನ್ನೊಂದರಲ್ಲಿ ಅದರ ಮುಕ್ಕಾಲು, ಮತ್ತೊಂದರಲ್ಲಿ ಅದೇ ಮುಕ್ಕಾಲು ಉಪ್ಪಿನೊಡನೆ ಮಾಗಿದ ಟೊಮ್ಯಾಟೊ ಮತ್ತು ಅಣಬೆಯ ನೀರನ್ನು ಸೇರಿಸಿ, ಯಾವುದು ಯಾವುದೆಂದು ತಿಳಿಸದೆ ಅನ್ನದೊಡನೆ ಬಡಿಸಿ ಅಭಿಪ್ರಾಯಗಳನ್ನು ಬರೆದುಕೊಳ್ಳಬೇಕು. ಮೊದಲನೆಯದನ್ನೂ ಮೂರನೆಯದನ್ನೂ ಸಮನಾಗಿ ಮೆಚ್ಚಿದವರೆಷ್ಟು ಮಂದಿ ಎಂಬುದೇ ನಮಗೆ ಬೇಕಾದ ಅಂಕೆ. ರಾಗಿಮುದ್ದೆಯ ಸೊಪ್ಪುಸಾರಿಗೆ ಅದು ಒಂದು ಬಗೆ ಇದ್ದೀತು, ಕರಾವಳಿಯ ಮೀನಿನ ಹುಳಿಗೆ ಮತ್ತೊಂದು ಬಗೆ.

ಅಡಿಗೆಯವರ ಕೈಯಂದಾಜನ್ನು ನಾವು ಹೊಗಳುತ್ತ ಬಂದಿದ್ದೇವೆ. ಹೊಗಳಿಕೆಗೆ ಅದು ಅರ್ಹವೂ ಹೌದು. ಆದರೆ ನಾಲಗೆ ಒಗ್ಗಿದಂತೆ ಕೈಯಂದಾಜೂ ಏರುತ್ತ ಹೋಗುವುದು ಅದರ ದೋಷ. ತಿಂಗಳಿಗೆ ಮನೆಗೆ ತಂದ ಉಪ್ಪಿನ ತೂಕವನ್ನು ಉಣ್ಣುವವರ ಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸಿ ನೋಡಿದರೆ ಪ್ರತಿಯೊಂದು ಸಂಸಾರಕ್ಕೂ ತನ್ನ ಸ್ಥಿತಿ ಸ್ಥೂಲವಾಗಿ ತಿಳಿಯುತ್ತದೆ. ನಾಲ್ವರ ಮನೆಯಲ್ಲಿ ತಿಂಗಳಿಗೆ ಒಂದು ಕಿಲೋಗ್ರಾಂ ಉಪ್ಪು ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ 8 ಗ್ರಾಂ ಮೀರಿತು. ಹೊರಗೆ ತಿಂದದ್ದು ಬೇರೆ. ಈ ಲೆಕ್ಕವನ್ನು ಮೊದಲು ಮಾಡಿ, ಅನಂತರ ಟೊಮ್ಯಾಟೊ ಅಣಬೆಗಳ ಸಹಾಯವನ್ನು ಪಡೆದರೆ, ಗಾದೆಯ ಮಾತೂ ಉಳಿದೀತು, ಆರೋಗ್ಯವೂ ಉಳಿದೀತು.